ಲೇಕಾಕ್ ಅಬ್ಬೆ: ಕೆಳಗಿನಿಂದ ಮೇಲಕ್ಕೆ ನೋಡಬೇಕಾದ ಮನೆ

ಲಂಡನ್ನಿನಿಂದ ಸ್ಟೋನ್‌ಹೆಂಜ್ ಮತ್ತು ಬಾತ್ ನೋಡಲು ಹೊರಡುವ ಕೆಲವು ಟೂರ್ ಬಸ್ಸುಗಳು ದಾರಿಯಲ್ಲಿ ಲೇಕಾಕ್ ಎಂಬ ಹಳ್ಳಿಯಲ್ಲೂ ಸ್ವಲ್ಪ ಹೊತ್ತು ನಿಲ್ಲುತ್ತವೆ. ಜನ ಇಳಿದು ಹಳೆಯ ಬೀದಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ, ಟೀ ಕುಡಿಯುತ್ತಾರೆ, ಮತ್ತೆ ಬಸ್ಸು ಹತ್ತುತ್ತಾರೆ. ಹಳ್ಳಿಯ ಅಂಚಿನಲ್ಲಿರುವ ಅಬ್ಬೆಯ, ಅಂದರೆ ಹಳೆಯ ಕ್ರೈಸ್ತ ಮಠದ, ಗೇಟು ದಾಟಿ ಒಳಗೆ ಹೋಗಲು ಅವರಿಗೆ ಸಮಯವೇ ಇರುವುದಿಲ್ಲ. ಇದು ನನಗೆ ತುಂಬ ಬೇಸರದ ಸಂಗತಿ. 1232ರಲ್ಲಿ ಸನ್ಯಾಸಿನಿಯರ ಮಠವಾಗಿ ಶುರುವಾಗಿ, 1540ರಲ್ಲಿ ಶ್ರೀಮಂತನೊಬ್ಬನ ಮನೆಯಾಗಿ, 1835ರಲ್ಲಿ ಫೋಟೋಗ್ರಫಿಯ ತೊಟ್ಟಿಲಾದ ಕಟ್ಟಡ ಅದು. ಅದಕ್ಕೆ ಪೂರ್ತಿ ಒಂದು ದಿನ ಕೊಡಿ ಎಂದು ಕೇಳಲೆಂದೇ ಈ ಲೇಖನ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ಮನೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಇಂಗ್ಲೆಂಡಿನಲ್ಲಿ ಮಠವಾಗಿದ್ದು ಆಮೇಲೆ ಬಂಗಲೆಯಾದ ಕಟ್ಟಡಗಳು ಬೇಕಾದಷ್ಟಿವೆ. ಹೆಚ್ಚಿನ ಕಡೆ ಮಠದ ಗುರುತು ಎಂದು ಒಂದು ಕಮಾನೋ, ಒಂದು ಮುರಿದ ಗೋಡೆಯೋ ಉಳಿದಿರುತ್ತದೆ, ಅಷ್ಟೇ. ಲೇಕಾಕ್‌ನಲ್ಲಿ ಕೊಂಡವನು ಮಹಡಿಯ ಮೇಲೆ ಸಂಸಾರ ಹೂಡಿದ. ನೆಲಮಹಡಿಯನ್ನು ಹೆಚ್ಚು ಮುಟ್ಟಲಿಲ್ಲ. ಹೀಗಾಗಿ ಕೆಳಗೆ ಇನ್ನೂ ಮಠ ಇದೆ, ಮೇಲೆ ಮನೆ ಇದೆ. ಮೆಟ್ಟಿಲು ಹತ್ತುವುದೆಂದರೆ ಮುನ್ನೂರು ವರ್ಷ ದಾಟುವುದು ಎಂದರ್ಥ. ನೇರವಾಗಿ ಮೇಲಿನ ಸಿಂಗಾರದ ಕೋಣೆಗಳಿಗೆ ಹೋದವರಿಗೆ ಇದು ಗೊತ್ತಾಗುವುದೇ ಇಲ್ಲ.

ಯಾವಾಗ ಹೋಗಬೇಕು

ತೋಟವನ್ನು ಮುಖ್ಯವಾಗಿ ನೋಡಬೇಕು ಎನ್ನುವವರು ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಹೋಗಿ. ಮೊದಲು ಬಿಳಿಯ ಸ್ನೋಡ್ರಾಪ್ ಹೂಗಳು ಬರುತ್ತವೆ, ಅವುಗಳ ಹಿಂದೆಯೇ ಮರಗಳ ಕೆಳಗೆ ನೇರಳೆ ಬಣ್ಣದ ಕ್ರೋಕಸ್ ಹಾಸಿಕೊಳ್ಳುತ್ತದೆ. ಮರಗಳಲ್ಲಿ ಎಲೆ ಇಲ್ಲದಿರುವುದರಿಂದ ಬಿಸಿಲು ನೆಲಕ್ಕೇ ಬೀಳುತ್ತದೆ. ಕ್ರೋಕಸ್ ಬಿಸಿಲು ಬಿದ್ದಾಗ ಮಾತ್ರ ಚೆನ್ನಾಗಿ ಅರಳುತ್ತದೆ, ಮೋಡ ಕವಿದರೆ ಮುಚ್ಚಿಕೊಂಡುಬಿಡುತ್ತದೆ. ಆದ್ದರಿಂದ ಹವಾಮಾನ ನೋಡಿಕೊಂಡು ದಿನ ಆರಿಸಿ.

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಹಣ್ಣಿನ ತೋಟದ ಸೇಬಿನ ಮರಗಳು ಹೂ ಬಿಡುತ್ತವೆ. ಜೂನ್‌ನಲ್ಲಿ ಗುಲಾಬಿ. ಶಾಲೆಯ ಬೇಸಿಗೆ ರಜೆ ಇರುವ ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಜನ ಜಾಸ್ತಿ. ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅವರನ್ನು ಕರೆದುಕೊಂಡು ಹೋಗಬೇಕು ಎಂದಿದ್ದರೆ ಮೇ ತಿಂಗಳು ಒಳ್ಳೆಯದು. ಚಳಿ ಅಷ್ಟಿರುವುದಿಲ್ಲ, ಹಗಲು ಉದ್ದ.

ಚಳಿಗಾಲದಲ್ಲಿ ಹೋಗುವವರು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಕೆಳಗಿನ ಮಠದ ಭಾಗ, ತೋಟ ಮತ್ತು ಮೇಲಿನ ಕೋಣೆಗಳಿಗೆ ಬೇರೆ ಬೇರೆ ವೇಳೆ ಇರುವುದುಂಟು. ಮೇಲಿನ ಕೋಣೆಗಳು ತಡವಾಗಿ ತೆರೆಯಬಹುದು, ಕೆಲವು ದಿನ ಪೂರ್ತಿ ಮುಚ್ಚಿರಬಹುದು. ಅಬ್ಬೆಯನ್ನು ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್, ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ಸಂಸ್ಥೆ. ಅವರ ವೆಬ್‌ಸೈಟಿನಲ್ಲಿ ಆಯಾ ದಿನದ ವೇಳೆ ಹಾಕಿರುತ್ತಾರೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿಬಿಡಿ. ಟ್ರಸ್ಟ್‌ನ ಸದಸ್ಯರಿಗೆ ಟಿಕೆಟ್ ಇಲ್ಲ. ಬ್ರಿಟನ್ನಿನಲ್ಲೇ ನೆಲೆಸಿದ್ದು, ವರ್ಷಕ್ಕೆ ಇಂಥ ನಾಲ್ಕಾರು ಜಾಗ ನೋಡುವ ಕುಟುಂಬವಾದರೆ ಸದಸ್ಯತ್ವವೇ ಲಾಭ.

ತಲುಪುವುದು ಹೇಗೆ

ಲೇಕಾಕ್ ಇರುವುದು ವಿಲ್ಟ್‌ಶೈರ್ ಕೌಂಟಿಯಲ್ಲಿ, ಚಿಪ್ಪನಂ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 3 ಮೈಲಿ. ಲಂಡನ್ ಪ್ಯಾಡಿಂಗ್ಟನ್‌ನಿಂದ ಬ್ರಿಸ್ಟಲ್ ಕಡೆ ಹೋಗುವ ರೈಲು ಚಿಪ್ಪನಂನಲ್ಲಿ ನಿಲ್ಲುತ್ತದೆ, ಒಂದೂಕಾಲು ಗಂಟೆಯ ಹಾದಿ. ಬಾತ್‌ನಲ್ಲಿ ಉಳಿದುಕೊಂಡಿದ್ದರೆ ಇನ್ನೂ ಸುಲಭ, ಅಲ್ಲಿಂದ ಚಿಪ್ಪನಂ ಒಂದೇ ನಿಲ್ದಾಣ. ಚಿಪ್ಪನಂನಿಂದ ದಕ್ಷಿಣಕ್ಕೆ ಹೋಗುವ ಬಸ್ಸು ಲೇಕಾಕ್ ಹಾದುಹೋಗುತ್ತದೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಹಳ್ಳಿಗಾಡಿನ ಬಸ್ಸುಗಳನ್ನು ನಂಬಿ ಹೊರಡಬೇಡಿ. ವಾಪಸು ಬರುವ ಕೊನೆಯ ಬಸ್ಸು ಯಾವಾಗ ಎಂದು ಹೋಗುವಾಗಲೇ ತಿಳಿದುಕೊಳ್ಳಿ.

ಕಾರಿನಲ್ಲಾದರೆ ಎಂ4 ಹೆದ್ದಾರಿಯ 17ನೇ ಜಂಕ್ಷನ್‌ನಲ್ಲಿ ಇಳಿದು ಎ350 ಹಿಡಿಯಿರಿ. ಹಳ್ಳಿಯ ಬೀದಿಗಳೊಳಗೆ ಕಾರು ತರುವ ಪ್ರಯತ್ನ ಬೇಡ. ಬೀದಿಗಳು ಕಿರಿದು, ಅಲ್ಲಿ ಜನ ವಾಸವಿದ್ದಾರೆ. ಊರ ಹೊರಗೆ ನ್ಯಾಷನಲ್ ಟ್ರಸ್ಟ್‌ನ ಕಾರ್ ಪಾರ್ಕ್ ಇದೆ, ಅಲ್ಲಿಂದ ನಡೆದರೆ ಕೆಲವೇ ನಿಮಿಷ.

ಕಾಲಿಗೆ ಮೆತ್ತನೆಯ, ಜಾರದ ಶೂ ಇರಲಿ. ಕೆಳಗಿನ ಕೈಸಾಲೆಯ ಕಲ್ಲುಹಾಸು ಏರುತಗ್ಗಾಗಿದೆ, ಮಳೆ ಬಂದರೆ ತೋಟದ ಹುಲ್ಲು ಕೆಸರಾಗುತ್ತದೆ. ಸೀರೆ ಉಡುವ ಅಮ್ಮಂದಿರಿಗೂ ಶೂ ಹಾಕಿಸಿ, ಚಪ್ಪಲಿಯಲ್ಲಿ ಕಷ್ಟ. ಬೇಸಿಗೆಯಲ್ಲೂ ಒಂದು ಸ್ವೆಟರ್ ಜೊತೆಗಿರಲಿ, ಕಲ್ಲಿನ ಕೋಣೆಗಳೊಳಗೆ ಹೊರಗಿಗಿಂತ ತಣ್ಣಗಿರುತ್ತದೆ. ಮೇಲಿನ ಕೋಣೆಗಳಿಗೆ ಮೆಟ್ಟಿಲು ಹತ್ತಲೇಬೇಕು. ಮಂಡಿನೋವಿನವರು ಕೈಸಾಲೆ ಮತ್ತು ತೋಟ ನೋಡಿದರೂ ಬಂದದ್ದು ಸಾರ್ಥಕ.

ಮೊದಲು ದಕ್ಷಿಣದ ಹುಲ್ಲಿನ ಮೇಲೆ ನಿಲ್ಲಿ

ಗೇಟು ದಾಟಿದ ಕೂಡಲೇ ಎಲ್ಲರೂ ಬಾಗಿಲ ಕಡೆ ನಡೆಯುತ್ತಾರೆ. ನೀವು ಒಳಗೆ ಹೋಗಬೇಡಿ. ಮನೆಯ ದಕ್ಷಿಣದ ಮುಖ ಕಾಣುವ ಹುಲ್ಲುಹಾಸಿನ ಕಡೆಗೆ ಹೋಗಿ ನಿಲ್ಲಿ.

ನಿಮ್ಮ ಮುಂದಿರುವ ಆ ಜಾಗದಲ್ಲಿ ಮಠದ ಚರ್ಚು ಇತ್ತು. ಈಗ ಮನೆಯ ದಕ್ಷಿಣ ಗೋಡೆ ಎಂದು ಕಾಣುತ್ತಿರುವುದು ಆ ಚರ್ಚಿನ ಉತ್ತರ ಗೋಡೆ. ಅಂದರೆ ನೀವು ನೋಡುತ್ತಿರುವುದು ಒಂದು ಕಾಲಕ್ಕೆ ಪ್ರಾರ್ಥನೆ ನಡೆಯುತ್ತಿದ್ದ ಕಟ್ಟಡದ ಒಳಮೈ. ಅದರ ಮೇಲೆ ಈಗ ಕಿಟಕಿಗಳು ಕೂತಿವೆ. ಇದನ್ನು ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಚರ್ಚು ಕಟ್ಟಿಸಿದವಳು ಎಲಾ, ಸಾಲ್ಸ್‌ಬರಿಯ ಕೌಂಟೆಸ್. ಗಂಡ ವಿಲಿಯಂ ಲಾಂಗೆಸ್ಪೀ ರಾಜ ಎರಡನೇ ಹೆನ್ರಿಯ ಮಗ, ಆದರೆ ಮದುವೆಯ ಹೊರಗೆ ಹುಟ್ಟಿದವನು. ಅವನು ಯುದ್ಧದಿಂದ ಮರಳುವಾಗ ಸಮುದ್ರದಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ. ಸತ್ತೇಹೋದ ಎಂದು ಜನ ನಂಬಿದರು. ಬೇರೆಯವನನ್ನು ಮದುವೆಯಾಗು ಎಂಬ ಒತ್ತಾಯ ಬಂದಾಗ ಎಲಾ ಒಪ್ಪಲಿಲ್ಲ. ಗಂಡ ಮರಳಿ ಬಂದ, 1226ರಲ್ಲಿ ತೀರಿಕೊಂಡ. ಆಮೇಲೂ ಆಕೆ ಮರುಮದುವೆಯಾಗಲಿಲ್ಲ. ವಿಲ್ಟ್‌ಶೈರಿನ ಶೆರಿಫ್ ಆಗಿ, ಅಂದರೆ ಆ ಕೌಂಟಿಯಲ್ಲಿ ರಾಜನ ಪ್ರತಿನಿಧಿಯಾಗಿ, ಅಧಿಕಾರ ನಡೆಸಿದಳು. ಆ ಕಾಲದಲ್ಲಿ ಹೆಣ್ಣೊಬ್ಬಳಿಗೆ ಇದು ಬಲು ಅಪರೂಪ. 1232ರ ಏಪ್ರಿಲ್ 16ರಂದು ಬೆಳಿಗ್ಗೆ ಲೇಕಾಕ್ ಮಠಕ್ಕೂ, ಅದೇ ಮಧ್ಯಾಹ್ನ ಅಷ್ಟು ದೂರದ ಹಿಂಟನ್‌ನಲ್ಲಿ ಗಂಡಸರ ಮಠಕ್ಕೂ ಅಡಿಗಲ್ಲು ಹಾಕಿದಳು ಎಂದು ಹೇಳುತ್ತಾರೆ. ಕೆಲವು ವರ್ಷಗಳ ನಂತರ ತಾನೇ ಇಲ್ಲಿ ಸನ್ಯಾಸಿನಿಯಾಗಿ ಸೇರಿ, ಮಠದ ಮೊದಲ ಮುಖ್ಯಸ್ಥೆಯೂ ಆದಳು. 1261ರಲ್ಲಿ ಇಲ್ಲೇ ತೀರಿಕೊಂಡಳು.

ಮೂರು ಶತಮಾನ ಕಳೆದು ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಳ್ಳಲು ಹೊರಟ. ಲೇಕಾಕ್‌ನ ಸನ್ಯಾಸಿನಿಯರು ಹಣ ಕಟ್ಟಿ ಒಂದೆರಡು ವರ್ಷ ಉಳಿದುಕೊಂಡರು. 1539ರ ಜನವರಿಯಲ್ಲಿ ಅವರೂ ಹೊರಡಬೇಕಾಯಿತು. ಮರುವರ್ಷ ವಿಲಿಯಂ ಶಾರಿಂಗ್‌ಟನ್ ಎಂಬ ಆಸ್ಥಾನದ ಮನುಷ್ಯ 783 ಪೌಂಡಿಗೆ ಇದನ್ನು ಕೊಂಡ. ಕೊಂಡ ಮೇಲೆ ಚರ್ಚನ್ನು ಕೆಡವಿಸಿದ, ಅದರ ಕಲ್ಲುಗಳನ್ನು ಮನೆಗೆ ಬಳಸಿಕೊಂಡ.

ಬಲಗಡೆ ಮೂಲೆಯಲ್ಲಿ ಎಂಟು ಮೂಲೆಯ ಗೋಪುರ ಕಾಣುತ್ತದಲ್ಲ, ಅದು ಶಾರಿಂಗ್‌ಟನ್ ಕಟ್ಟಿಸಿದ್ದು. ತನ್ನ ಬೆಲೆಬಾಳುವ ವಸ್ತುಗಳನ್ನು ಇಡಲು, ಬಂದ ಅತಿಥಿಗಳಿಗೆ ತೋರಿಸಲು. ಈತ ಬ್ರಿಸ್ಟಲ್ ಟಂಕಸಾಲೆಯ ಅಧಿಕಾರಿಯೂ ಆಗಿದ್ದ. ನಾಣ್ಯಗಳಲ್ಲಿ ಮೋಸ ಮಾಡಿ ಹಣ ಹೊಡೆದು 1549ರಲ್ಲಿ ಸಿಕ್ಕಿಬಿದ್ದ. ಆದರೂ ಕ್ಷಮೆ ಸಿಕ್ಕಿತು, ಆಸ್ತಿಯೂ ವಾಪಸಾಯಿತು. ಮಠವನ್ನು ಉಳಿಸಿದವನೂ ಇವನೇ, ಚರ್ಚನ್ನು ಕೆಡವಿದವನೂ ಇವನೇ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಒಳಗೆ ನಡೆಯಿರಿ.

ಕೆಳಗಿನ ಮಠ: ಇಲ್ಲಿ ಅವಸರ ಬೇಡ

ಕೈಸಾಲೆಗೆ ಕಡಿಮೆ ಎಂದರೂ ಒಂದು ಗಂಟೆ ಕೊಡಿ. ನಡುವೆ ಹುಲ್ಲಿನ ಅಂಗಳ, ಸುತ್ತ ಕಮಾನಿನ ಚಾವಣಿಯ ಹಾದಿ. ಈಗ ಕಾಣುವ ಚಾವಣಿ 15ನೇ ಶತಮಾನದ್ದು. ತಲೆ ಎತ್ತಿ ನೋಡುತ್ತಾ ನಡೆಯಿರಿ. ಕಲ್ಲಿನ ಪಟ್ಟಿಗಳು ಕೂಡುವ ಜಾಗದಲ್ಲೆಲ್ಲ ಒಂದೊಂದು ಕೆತ್ತನೆ ಇದೆ. ಮುಖಗಳು, ಪ್ರಾಣಿಗಳು, ಎಲೆ, ಹೂ. ಒಂದರಂತೆ ಇನ್ನೊಂದಿಲ್ಲ. ಮಕ್ಕಳಿದ್ದರೆ ಯಾರಿಗೆ ಹೆಚ್ಚು ಪ್ರಾಣಿ ಸಿಗುತ್ತದೆ ನೋಡೋಣ ಎಂದು ಹೇಳಿ, ಅವರೇ ನಿಮಗೆ ತೋರಿಸಿಕೊಡುತ್ತಾರೆ. ಬೇಲೂರು, ಸೋಮನಾಥಪುರದಲ್ಲಿ ಚಾವಣಿಯ ಭುವನೇಶ್ವರಿ ನೋಡಲು ಕತ್ತು ನೋಯಿಸಿಕೊಂಡ ಅಭ್ಯಾಸ ನಮಗೆ ಇದ್ದೇ ಇದೆ, ಇಲ್ಲೂ ಅದೇ ಕೆಲಸ.

ಎಲಾಳ ಸಮಾಧಿಕಲ್ಲು ಈಗ ಇರುವುದು ಈ ಕೈಸಾಲೆಯಲ್ಲೇ. ಮೊದಲು ಅದು ಚರ್ಚಿನಲ್ಲಿತ್ತು. ಚರ್ಚು ಹೋದ ಮೇಲೆ ಕಲ್ಲು ಇಲ್ಲಿಗೆ ಬಂತು. ಸುಮ್ನೆ ನೋಡಿದರೆ ನೆಲದ ಒಂದು ಚಪ್ಪಡಿ ಅಷ್ಟೇ. ಬಹಳ ಜನ ಗಮನಿಸದೆ ದಾಟುತ್ತಾರೆ. ದಯವಿಟ್ಟು ಹುಡುಕಿ ನೋಡಿ.

ಪೂರ್ವದ ಬದಿಯಲ್ಲಿ ಸಾಲಾಗಿ ಕೋಣೆಗಳಿವೆ. ಪೂಜೆಯ ಪಾತ್ರೆ, ಬಟ್ಟೆ ಇಡುತ್ತಿದ್ದ ಕೋಣೆ. ಅದರ ಪಕ್ಕದಲ್ಲಿ ಸನ್ಯಾಸಿನಿಯರೆಲ್ಲ ಸೇರಿ ಮಠದ ವ್ಯವಹಾರ ಮಾತಾಡುತ್ತಿದ್ದ ಸಭೆಯ ಕೋಣೆ. ಇನ್ನೊಂದು, ಬೆಂಕಿ ಹಾಕಿದ್ದ ಬೆಚ್ಚನೆಯ ಕೋಣೆ. ಚಳಿಗಾಲದಲ್ಲಿ ಒಮ್ಮೆ ಇಲ್ಲಿ ನಿಂತರೆ ಆ ಒಂದು ಒಲೆ ಎಷ್ಟು ಮುಖ್ಯವಾಗಿತ್ತು ಎಂದು ಮೈಗೇ ಗೊತ್ತಾಗುತ್ತದೆ. ಈ ಕೋಣೆಯಲ್ಲಿ ದೊಡ್ಡದೊಂದು ಲೋಹದ ಹಂಡೆ ಇದೆ. ಈಗಿನ ಬೆಲ್ಜಿಯಂನ ಮೆಕ್ಲಿನ್ ಪಟ್ಟಣದಲ್ಲಿ 1500ರಲ್ಲಿ ಎರಕ ಹೊಯ್ದದ್ದು. ಮದುವೆ ಮನೆಯ ಹಂಡೆ ನೋಡಿದ ನಮ್ಮವರು ಇದರ ಮುಂದೆ ಸ್ವಲ್ಪ ಹೊತ್ತು ನಿಂತೇ ನಿಲ್ಲುತ್ತಾರೆ.

ಇಲ್ಲಿ ಒಂದು ಮುನ್ಸೂಚನೆ. ಹ್ಯಾರಿ ಪಾಟರ್ ಚಿತ್ರಗಳ ಮೊದಲ ಭಾಗಗಳಿಗೆ ಈ ಕೈಸಾಲೆ ಮತ್ತು ಕೋಣೆಗಳಲ್ಲಿ ಚಿತ್ರೀಕರಣ ನಡೆದಿದೆ. ಆದ್ದರಿಂದ ಹಂಡೆಯ ಕೋಣೆಯಲ್ಲಿ, ಸಭೆಯ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಫೋಟೋಗಾಗಿ ಸಾಲು ನಿಂತಿರುತ್ತದೆ. ಮಕ್ಕಳ ಖುಷಿಗೆ ಅಡ್ಡ ಬರಬೇಡಿ, ಅವರಿಗೂ ಅದು ಬೇಕು. ಆದರೆ ಬಾಗಿಲು ತೆರೆದ ಕೂಡಲೇ ಒಳಗೆ ಬಂದರೆ ಈ ಕೋಣೆಗಳು ಖಾಲಿ ಇರುತ್ತವೆ. ಬೆಳಗಿನ ಆ ಹೊತ್ತಿನಲ್ಲಿ ಬೆಳಕೂ ಚೆನ್ನ. ಕೆಳಗನ್ನು ಮೊದಲು ನೋಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಹೊರಗೆ ಬಂದರೆ ಶಾರಿಂಗ್‌ಟನ್ ಕಟ್ಟಿಸಿದ ಲಾಯದ ಅಂಗಳ ಸಿಗುತ್ತದೆ. ಅಲ್ಲೇ ಹಳೆಯ ಬಿಯರ್ ಕಾಯಿಸುವ ಮನೆ ಇದೆ. ಒಂದು ಮಟ್ಟದಿಂದ ಇನ್ನೊಂದಕ್ಕೆ ದ್ರವ ತಾನಾಗಿ ಇಳಿಯುವಂತೆ ಜೋಡಿಸಿದ ಬಾನಿಗಳನ್ನು ನೋಡಿ ಮುಂದೆ ಹೋಗಿ, ಐದು ನಿಮಿಷ ಸಾಕು.

ಮೇಲಿನ ಮನೆ

ಪಶ್ಚಿಮದ ಮೆಟ್ಟಿಲು ಹತ್ತಿದರೆ ಸಿಗುವುದು ದೊಡ್ಡ ಹಜಾರ. 1754-55ರಲ್ಲಿ ಜಾನ್ ಐವರಿ ಟಾಲ್ಬಟ್ ಇದನ್ನು ಸ್ಯಾಂಡರ್ಸನ್ ಮಿಲ್ಲರ್ ಎಂಬುವನಿಂದ ಹೊಸದಾಗಿ ಕಟ್ಟಿಸಿದ. ಚೂಪು ಕಮಾನು, ಗೋಡೆಯ ಗೂಡುಗಳಲ್ಲಿ ಸುಟ್ಟ ಮಣ್ಣಿನ ಬೊಂಬೆಗಳು. ಆಗ ಶ್ರೀಮಂತರಿಗೆ ಹಳೆಯ ಕಾಲದ ಚರ್ಚಿನ ಶೈಲಿಯಲ್ಲಿ ಮನೆ ಮಾಡಿಕೊಳ್ಳುವ ಹುಚ್ಚು ಹತ್ತಿತ್ತು. ಇಲ್ಲೇ ನೋಡಿ, ಕೆಳಗೆ ಆ ಹಳೆಯ ಶೈಲಿಯ, ಅಂದರೆ ನಿಜವಾದ ಗಾಥಿಕ್ ಕೆಲಸವನ್ನು ಕಣ್ತುಂಬ ನೋಡಿ ಬಂದವರಿಗೆ ಇದು ಹಳತನ್ನು ನೋಡಿ ಮಾಡಿದ ಅಲಂಕಾರ ಎಂದು ತಕ್ಷಣ ತಿಳಿಯುತ್ತದೆ. ನನಗೆ ಇದೂ ಇಷ್ಟ. ಆದರೆ ಎರಡರ ತೂಕ ಬೇರೆ.

ಟಾಲ್ಬಟ್ ಮನೆತನ ಇಲ್ಲಿಗೆ ಬಂದ ಕಥೆಯನ್ನು ಜೊತೆಯಲ್ಲಿರುವವರಿಗೆ ಹೇಳಿ. ಶಾರಿಂಗ್‌ಟನ್‌ನ ತಮ್ಮನ ಮಗಳು ಆಲಿವ್. ಜಾನ್ ಟಾಲ್ಬಟ್ ಎಂಬುವನ ಮೇಲೆ ಅವಳಿಗೆ ಮನಸ್ಸು. ಅಪ್ಪನಿಗೆ ಇಷ್ಟವಿಲ್ಲ. ಒಂದು ರಾತ್ರಿ ಮೇಲಿನಿಂದ ಕೆಳಗೆ ನಿಂತಿದ್ದ ಅವನ ಜೊತೆ ಮಾತಾಡುತ್ತಾ, ಹಾರಿಬಿಡುತ್ತೇನೆ ಎಂದಳಂತೆ. ಹಾರಿಯೇ ಬಿಟ್ಟಳು. ಅಗಲವಾದ ಲಂಗ ಗಾಳಿ ತುಂಬಿಕೊಂಡು ಅವಳ ಬೀಳುವಿಕೆಯನ್ನು ತಡೆಯಿತು. ಹಿಡಿಯಲು ಹೋದವನು ಪೆಟ್ಟು ತಿಂದು ಎಚ್ಚರ ತಪ್ಪಿ ಬಿದ್ದ. ಇಷ್ಟಾದ ಮೇಲೆ ಮದುವೆಯೇ ಆಗಲಿ ಎಂದು ಅಪ್ಪ ಒಪ್ಪಿದ. 17ನೇ ಶತಮಾನದ ಜಾನ್ ಆಬ್ರೀ ಬರೆದಿಟ್ಟ ಕಥೆ ಇದು. ಎಷ್ಟು ನಿಜವೋ, ಮದುವೆಯಂತೂ ಆಯಿತು, ಮನೆ ಟಾಲ್ಬಟ್‌ಗಳ ಕೈಗೆ ಬಂತು.

ಮುಂದಿನ ಕೋಣೆಗಳನ್ನು ನಿಮ್ಮ ಆಸಕ್ತಿಯಂತೆ ನೋಡಿ. ಪೀಠೋಪಕರಣ, ಚಿತ್ರಪಟ, ಪಿಂಗಾಣಿ ಇಂಥ ಮನೆಗಳಲ್ಲೆಲ್ಲ ಇರುತ್ತದೆ. ಪ್ರತಿ ಕೋಣೆಯಲ್ಲೂ ಟ್ರಸ್ಟ್‌ನ ಸ್ವಯಂಸೇವಕರೊಬ್ಬರು ಇರುತ್ತಾರೆ, ಹೆಚ್ಚಿನವರು ನಿವೃತ್ತರು. ಸಂಕೋಚ ಬಿಟ್ಟು ಪ್ರಶ್ನೆ ಕೇಳಿ. ಕೇಳಿದರೆ ಅವರಿಗೆ ಸಂತೋಷ, ಫಲಕದಲ್ಲಿ ಇಲ್ಲದ ವಿಷಯ ನಿಮಗೆ ಸಿಗುತ್ತದೆ. ಪೂರ್ವದ ಮೊಗಸಾಲೆಗೆ ಬಂದಾಗ ಮಾತ್ರ ಒಂದು ಕ್ಷಣ ನಿಲ್ಲಿ. ಸನ್ಯಾಸಿನಿಯರು ಮಲಗುತ್ತಿದ್ದ ಮಹಡಿ ಇದು. ಕೆಳಗೆ ಆಗಲೇ ನೋಡಿದ ಸಭೆಯ ಕೋಣೆ ಈಗ ನಿಮ್ಮ ಕಾಲ ಕೆಳಗಿದೆ.

ಆ ಒಂದು ಕಿಟಕಿ

ಈಗ ದಕ್ಷಿಣದ ಗ್ಯಾಲರಿಗೆ ಬನ್ನಿ. ಇಲ್ಲಿ ಹೊರಕ್ಕೆ ಚಾಚಿದ ಮೂರು ಕಿಟಕಿಗಳಿವೆ. ನಡುವಿನದು ಚಿಕ್ಕದು. ಅದರ ಮುಂದೆ ನಿಲ್ಲಿ.

ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಹುಟ್ಟಿದ್ದು 1800ರಲ್ಲಿ. ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡ, ಉಳಿದದ್ದು ಸಾಲ. ಮನೆಯನ್ನು ಬಾಡಿಗೆಗೆ ಕೊಡಬೇಕಾಯಿತು. ಹೆನ್ರಿ ಇಲ್ಲಿ ಬಂದು ನೆಲೆಸಿದ್ದು 1827ರಲ್ಲಿ. ಗಣಿತ, ರಸಾಯನ, ಸಸ್ಯಶಾಸ್ತ್ರ, ಹಳೆಯ ಲಿಪಿಗಳು, ಎಲ್ಲದರಲ್ಲೂ ಅವನಿಗೆ ಆಸಕ್ತಿ. ಒಂದರಲ್ಲಿ ಮಾತ್ರ ಕೈ ಸಾಗುತ್ತಿರಲಿಲ್ಲ, ಅದು ಚಿತ್ರ ಬರೆಯುವುದು. 1833ರಲ್ಲಿ ಹೆಂಡತಿ ಕಾನ್‌ಸ್ಟನ್ಸ್ ಜೊತೆ ಇಟಲಿಯ ಕೋಮೊ ಸರೋವರದ ದಡದಲ್ಲಿದ್ದಾಗ, ದೃಶ್ಯವನ್ನು ಕಾಗದದ ಮೇಲೆ ಕಾಣುವಂತೆ ಮಾಡುವ ಗಾಜಿನ ಸಾಧನ ಹಿಡಿದು ಬರೆಯಲು ಕೂತ. ಸಾಧನ ತೆಗೆದರೆ ಕಾಗದದ ಮೇಲೆ ಉಳಿದದ್ದು ಬರೀ ಗೀಚು. ಬೆಳಕೇ ತಾನಾಗಿ ಕಾಗದದ ಮೇಲೆ ಚಿತ್ರ ಮೂಡಿಸಿ, ಅದು ಅಲ್ಲೇ ಉಳಿಯುವ ಹಾಗಾದರೆ ಎಷ್ಟು ಚೆನ್ನ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ.

ಮರುವರ್ಷ ಲೇಕಾಕ್‌ನಲ್ಲಿ ಪ್ರಯೋಗ ಶುರುವಾಯಿತು. ಬರೆಯುವ ಒಳ್ಳೆಯ ಕಾಗದವನ್ನು ಅಡುಗೆ ಉಪ್ಪಿನ ತೆಳು ನೀರಿನಲ್ಲಿ ಅದ್ದಿ ಒಣಗಿಸುವುದು. ಆಮೇಲೆ ಅದರ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣ ಹಚ್ಚುವುದು. ಎರಡೂ ಸೇರಿ ಕಾಗದದಲ್ಲಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದ ಕಡೆ ಅದು ಕಪ್ಪಾಗುತ್ತದೆ. ಚಿತ್ರ ಮೂಡಿದ ಮೇಲೆ ಕಾಗದ ಇನ್ನೂ ಕಪ್ಪಾಗದಂತೆ ತಡೆಯಬೇಕಲ್ಲ? ಅದಕ್ಕೂ ಉಪ್ಪೇ, ಈ ಸಲ ಗಟ್ಟಿ ಉಪ್ಪುನೀರು. ಉಪ್ಪು ತೆಳುವಾಗಿದ್ದರೆ ಕಾಗದಕ್ಕೆ ಬೆಳಕು ಹತ್ತುತ್ತದೆ, ಉಪ್ಪು ಜಾಸ್ತಿಯಾದರೆ ಹತ್ತುವುದಿಲ್ಲ. ಇದನ್ನು ಕಂಡುಕೊಂಡದ್ದು ಅವನ ಜಾಣ್ಮೆ.

ಸಣ್ಣ ಸಣ್ಣ ಮರದ ಪೆಟ್ಟಿಗೆಗಳಿಗೆ ಮಸೂರ ಕೂಡಿಸಿ ಕ್ಯಾಮೆರಾ ಮಾಡಿಸಿಕೊಂಡ. ಮನೆಯಲ್ಲೆಲ್ಲ ಅವನ್ನು ಇಟ್ಟಿರುತ್ತಿದ್ದುದರಿಂದ ಕಾನ್‌ಸ್ಟನ್ಸ್ ಅವನ್ನು ಇಲಿಬೋನು ಎಂದು ಕರೆದಳು. 1835ರ ಆಗಸ್ಟ್‌ನಲ್ಲಿ ಅಂಥದೊಂದು ಪೆಟ್ಟಿಗೆ ಈಗ ನೀವು ನಿಂತಿರುವ ಗ್ಯಾಲರಿಯಲ್ಲಿ ಈ ಕಿಟಕಿಯ ಕಡೆ ಮುಖ ಮಾಡಿ ಕೂತಿತು. ಬಂದ ಚಿತ್ರ ಅಂಚೆಚೀಟಿಯಷ್ಟು. ಬೆಳಕಿನ ಗಾಜುಗಳು ಕಪ್ಪು, ನಡುವಿನ ಪಟ್ಟಿಗಳು ಬಿಳಿ. ಭೂತಗನ್ನಡಿ ಹಿಡಿದರೆ ಸುಮಾರು 200 ಗಾಜಿನ ಚೂರುಗಳನ್ನು ಎಣಿಸಬಹುದಿತ್ತು ಎಂದು ಅವನೇ ಪಕ್ಕದಲ್ಲಿ ಬರೆದಿಟ್ಟಿದ್ದಾನೆ. ಕ್ಯಾಮೆರಾದಲ್ಲಿ ತೆಗೆದು ಇಂದಿಗೂ ಉಳಿದಿರುವ ನೆಗೆಟಿವ್‌ಗಳಲ್ಲಿ ಅದೇ ಅತಿ ಹಳೆಯದು.

ಆ ಮೂಲ ಚಿತ್ರ ಇಲ್ಲಿಲ್ಲ, ಬ್ರಾಡ್‌ಫರ್ಡ್‌ನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಕಿಟಕಿ ಇಲ್ಲಿದೆ. ಕಿಟಕಿಯಾಚೆ ನೋಡಿ. ಬೆಳಿಗ್ಗೆ ನೀವು ನಿಂತಿದ್ದ ಹುಲ್ಲು, ಚರ್ಚು ಇದ್ದ ಜಾಗ.

ಕಿಟಕಿಯ ಫೋಟೋ ತೆಗೆಯುವವರಿಗೆ ಒಂದು ಕಿವಿಮಾತು. ಹೊರಗಿನ ಬೆಳಕು ಜೋರಾಗಿರುವುದರಿಂದ ಫೋನು ಕಿಟಕಿಯನ್ನು ಬಿಳಿಚಿಸುತ್ತದೆ. ಪರದೆಯ ಮೇಲೆ ಗಾಜಿನ ಭಾಗವನ್ನು ಮುಟ್ಟಿ, ಬೆಳಕನ್ನು ಕಡಿಮೆ ಮಾಡಿ ತೆಗೆಯಿರಿ. ಫ್ಲ್ಯಾಶ್ ಬೇಡ. ಆಮೇಲೆ ಫೋನಿನಲ್ಲೇ ಬಣ್ಣ ತಿರುಗಿಸಿ ನೆಗೆಟಿವ್ ಮಾಡಿ ನೋಡಿ. ಟಾಲ್ಬಟ್ ಕಂಡದ್ದು ಹೆಚ್ಚುಕಡಿಮೆ ಹಾಗೆಯೇ ಇತ್ತು.

ಇನ್ನೂ ಒಂದು ಮಾತು, ನಮ್ಮವರು ತಿಳಿದಿರಲೇಬೇಕು. 1839ರ ಜನವರಿಯಲ್ಲಿ ಫ್ರಾನ್ಸ್‌ನ ದಗೇರ್ ತನ್ನ ವಿಧಾನ ಪ್ರಕಟಿಸಿದ. ಅವನದು ಲೋಹದ ತಗಡಿನ ಮೇಲೆ ಬರುವ ಒಂದೇ ಒಂದು ಚಿತ್ರ. ಟಾಲ್ಬಟ್ ಕೂಡಲೇ ತನ್ನ ಕೆಲಸವನ್ನು ಲಂಡನ್ನಿನಲ್ಲಿ ತೋರಿಸಿದ, 1841ರಲ್ಲಿ ಸುಧಾರಿಸಿದ ಕಾಗದದ ವಿಧಾನಕ್ಕೆ ಪೇಟೆಂಟ್ ಪಡೆದ. ಅದರ ಹೆಸರು ಕ್ಯಾಲೊಟೈಪ್. ಒಂದು ನೆಗೆಟಿವ್‌ನಿಂದ ಬೇಕಾದಷ್ಟು ಪ್ರತಿ ತೆಗೆಯಬಹುದು. ಕಾಗದ ಹಗುರ, ದೂರದ ಪ್ರಯಾಣಕ್ಕೆ ಅನುಕೂಲ. ಆ ವಿಧಾನವನ್ನೇ ಮೇಣ ಹಚ್ಚಿದ ಕಾಗದದಿಂದ ಇನ್ನಷ್ಟು ಉತ್ತಮಪಡಿಸಿಕೊಂಡು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದ. ವಿಠ್ಠಲನ ಗುಡಿ, ಕಲ್ಲಿನ ರಥ, ಬಜಾರು, ಆಗ ಹೇಗಿದ್ದವೋ ಹಾಗೆ. ಹಂಪಿಯ ಅತಿ ಹಳೆಯ ಫೋಟೋಗಳು ಅವು. 1980ರ ದಶಕದಲ್ಲಿ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ ಏನು ಉಳಿದಿದೆ, ಏನು ಬಿದ್ದಿದೆ ಎಂದು ಕಲ್ಲು ಕಲ್ಲಾಗಿ ಹೋಲಿಸಿ ನೋಡಲು ಸಾಧ್ಯವಾಯಿತು. ಅದಕ್ಕೆಲ್ಲ ಬೇರು ಈ ಮನೆಯಲ್ಲಿದೆ. ಗ್ರೀನ್‌ಲಾನ ಹಂಪಿ ಚಿತ್ರಗಳನ್ನು ಹೊರಡುವ ಮುನ್ನ ಒಮ್ಮೆ ನೋಡಿಕೊಂಡು ಬನ್ನಿ, ಆ ಕಿಟಕಿಯ ಮುಂದೆ ನಿಂತಾಗ ಎದೆ ತುಂಬುತ್ತದೆ.

ತೋಟ

ಊಟ ಮುಗಿಸಿ ತೋಟಕ್ಕೆ ಹೋಗಿ. ಗೇಟಿನ ಸಮೀಪದ ಟೀ ಅಂಗಡಿಯಲ್ಲೂ ಹಳ್ಳಿಯ ಬೇಕರಿಯಲ್ಲೂ ಸಸ್ಯಾಹಾರಿಗಳಿಗೆ ಸೂಪು, ಬ್ರೆಡ್ಡು, ಸ್ಕೋನ್ ಸಿಗುತ್ತದೆ. ನನ್ನನ್ನು ಕೇಳಿದರೆ ಪುಳಿಯೋಗರೆ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಬರುವುದೇ ಒಳ್ಳೆಯದು. ಎಲ್ಲಿ ಕೂತು ತಿನ್ನಬಹುದು ಎಂದು ಟಿಕೆಟ್ ಕೌಂಟರಿನಲ್ಲಿ ಕೇಳಿ, ತೋರಿಸುತ್ತಾರೆ.

ತೋಟದಲ್ಲಿ ಮೂರು ಜಾಗ ಮುಖ್ಯ. ಒಂದು, ಟಾಲ್ಬಟ್ ಬೆಳೆಸಿದ ಸಸ್ಯತೋಟ ಮತ್ತು ಅದರ ಗಾಜಿನ ಮನೆ. ಅವನು ಪಕ್ಕಾ ಸಸ್ಯಶಾಸ್ತ್ರಿ, ದೂರದ ದೇಶಗಳಿಂದ ಬೀಜ ತರಿಸಿಕೊಳ್ಳುತ್ತಿದ್ದ. ಎಲೆ, ಹೂ, ಜರಿಗಿಡಗಳನ್ನು ಉಪ್ಪು-ಬೆಳ್ಳಿಯ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ಚಿತ್ರ ತೆಗೆದದ್ದು ಅವನ ಮೊದಲ ಪ್ರಯೋಗಗಳಲ್ಲಿ ಸೇರಿದೆ. ಕ್ಯಾಮೆರಾ ಬೇಕಿಲ್ಲ, ಬಿಸಿಲು ಸಾಕು. ಇದನ್ನು ಮಕ್ಕಳ ಕೈಯಲ್ಲಿ ಮಾಡಿಸಬಹುದು. ಆಟಿಕೆ ಅಂಗಡಿಯಲ್ಲಿ ಬಿಸಿಲಿಗೆ ಹಿಡಿದರೆ ನೀಲಿಯಾಗುವ ಕಾಗದದ ಕಟ್ಟು ಸಿಗುತ್ತದೆ. ಒಂದು ಕಟ್ಟು ಜೊತೆಗಿರಲಿ. ಗಿಡದಿಂದ ಕೀಳಬೇಡಿ, ಕೆಳಗೆ ಬಿದ್ದ ಎಲೆಯನ್ನೇ ಆರಿಸಿಕೊಳ್ಳಿ. ಕಾಗದದ ಮೇಲಿಟ್ಟು ಕೆಲವು ನಿಮಿಷ ಬಿಸಿಲಲ್ಲಿ ಬಿಟ್ಟು ನೀರಿನಲ್ಲಿ ತೊಳೆದರೆ ಎಲೆಯ ಬಿಳಿ ನೆರಳು ಉಳಿಯುತ್ತದೆ. ಒಂದು ಗಂಟೆ ಇತಿಹಾಸ ಹೇಳುವುದಕ್ಕಿಂತ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಎರಡನೆಯದು ಗುಲಾಬಿ ತೋಟ, ಟಾಲ್ಬಟ್‌ನ ತಾಯಿ ಲೇಡಿ ಎಲಿಜಬೆತ್‌ಳದು. ಕಾಲಾಂತರದಲ್ಲಿ ಹಾಳಾಗಿ ಹೋಗಿತ್ತು. 1840ರ ದಶಕದಲ್ಲಿ ಮಗ ತೆಗೆದ ಫೋಟೋ ಇಟ್ಟುಕೊಂಡು ಅದನ್ನು ಮತ್ತೆ ಕಟ್ಟಿದ್ದಾರೆ. ತೋಟವನ್ನು ನೋಡಿ ಫೋಟೋ ತೆಗೆಯುತ್ತಾರೆ, ಇಲ್ಲಿ ಫೋಟೋ ನೋಡಿ ತೋಟ ಮಾಡಿದ್ದಾರೆ.

ಮೂರನೆಯದು ಮರಗಳ ನಡುವಿನ ಹಾದಿ ಮತ್ತು ಹಣ್ಣಿನ ತೋಟ. ಇಲ್ಲಿಗೆ ನಾನು ಏನೂ ಹೇಳಬೇಕಿಲ್ಲ. ಹೂವಿನ ಕಾಲದಲ್ಲಿ ಕ್ರೋಕಸ್ ತುಳಿಯದಂತೆ ಹಾದಿಯ ಮೇಲೇ ನಡೆಯಿರಿ.

ಮ್ಯೂಸಿಯಂ ಮತ್ತು ಹಳ್ಳಿ

ಗೇಟಿನ ಬಳಿ ಹಳೆಯ ಕಣಜವೊಂದರಲ್ಲಿ ಫಾಕ್ಸ್ ಟಾಲ್ಬಟ್ ಮ್ಯೂಸಿಯಂ ಇದೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಕಿಟಕಿಯನ್ನು ಕಣ್ಣಾರೆ ನೋಡಿ ಬಂದ ಮೇಲೆ ಇಲ್ಲಿನ ಕ್ಯಾಮೆರಾಗಳು, ಚಿತ್ರಗಳು ಮಾತಾಡುತ್ತವೆ. ಮೊದಲೇ ನೋಡಿದರೆ ಬರೀ ಓದುವ ಫಲಕಗಳಾಗುತ್ತವೆ.

ಹಳ್ಳಿಗೆ ನಾಲ್ಕೇ ಮುಖ್ಯ ಬೀದಿಗಳು. ಇಡೀ ಹಳ್ಳಿಯೇ ಬಹುಮಟ್ಟಿಗೆ ಹೀಗೆ ಉಳಿದಿರುವುದಕ್ಕೆ ಕಾರಣ ಟಾಲ್ಬಟ್‌ನ ಮೊಮ್ಮಗಳು ಮಟಿಲ್ಡಾ. 1916ರಲ್ಲಿ ಆಸ್ತಿ ಅವಳಿಗೆ ಬಂತು. 1944ರಲ್ಲಿ ಅಬ್ಬೆಯ ಜೊತೆ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟ್‌ಗೆ ದಾನ ಕೊಟ್ಟಳು. ಎಲಾಳ ಕಾಲದಿಂದ ಇಲ್ಲಿ ಭದ್ರವಾಗಿದ್ದ 1225ರ ಮ್ಯಾಗ್ನಾ ಕಾರ್ಟಾ (ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಹಕ್ಕುಪತ್ರ) ಪ್ರತಿಯನ್ನು ದೇಶಕ್ಕೆ ಕೊಟ್ಟವಳೂ ಅವಳೇ. ಈಗ ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ.

14ನೇ ಶತಮಾನದ ದೊಡ್ಡ ಕಣಜಕ್ಕೆ ಹೋಗಿ ಮರದ ಚಾವಣಿ ನೋಡಿ. ರೈತರು ಮಠಕ್ಕೆ ಕೊಡಬೇಕಾದ ಪಾಲನ್ನು ಧಾನ್ಯದಲ್ಲೇ ತಂದು ಸುರಿಯುತ್ತಿದ್ದ ಜಾಗ. ಪಕ್ಕದಲ್ಲೇ ಕಿಟಕಿಯಿಲ್ಲದ ಪುಟ್ಟ ಕತ್ತಲೆ ಕೋಣೆ, ಕುಡಿದು ಗಲಾಟೆ ಮಾಡಿದವರನ್ನು ಕೂಡಿಹಾಕಲು. ಸೇಂಟ್ ಸಿರಿಯಾಕ್ ಚರ್ಚಿನೊಳಗೆ ಶಾರಿಂಗ್‌ಟನ್‌ನ ಸಮಾಧಿ ಇದೆ. ಮಠದ ಚರ್ಚನ್ನು ಕೆಡವಿದವನ ಕಲ್ಲು ಊರ ಚರ್ಚಿನಲ್ಲಿ ಎಷ್ಟು ಚಂದದ ಕೆತ್ತನೆಯೊಂದಿಗೆ ನಿಂತಿದೆ ಎಂದು ನೋಡಿ. ಫಾಕ್ಸ್ ಟಾಲ್ಬಟ್ 1877ರಲ್ಲಿ ತೀರಿಕೊಂಡ, ಅವನ ಸಮಾಧಿ ಹಳ್ಳಿಯ ಸ್ಮಶಾನದಲ್ಲಿದೆ.

ಬೀದಿಯ ಮನೆಗಳಲ್ಲಿ ಬಾಡಿಗೆದಾರರು ವಾಸವಿದ್ದಾರೆ, ನೆನಪಿರಲಿ. ಕಿಟಕಿಗೆ ಮುಖ ಒತ್ತಿ ಒಳಗೆ ನೋಡುವುದು, ಯಾರದೋ ಹೊಸ್ತಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವುದು ಬೇಡ. ನಮ್ಮ ಮನೆ ಮುಂದೆ ದಿನಾ ಹಾಗಾದರೆ ನಮಗೆ ಹೇಗಿರುತ್ತದೆ, ಅಲ್ವಾ?

ಇನ್ನೊಂದು ದಿನ ಇದ್ದರೆ

ಸಾಲ್ಸ್‌ಬರಿ ಕಥೀಡ್ರಲ್‌ಗೆ ಹೋಗಿ. 1220ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರಲ್ಲಿ ಎಲಾ ಮತ್ತು ಅವಳ ಗಂಡ ಇಬ್ಬರೂ ಇದ್ದರು. ಅಲ್ಲಿ ಮೊದಲು ಹೂಳಿದ್ದು ಆ ವಿಲಿಯಂ ಲಾಂಗೆಸ್ಪೀಯನ್ನೇ. ಗುರಾಣಿ ಹಿಡಿದು ಮಲಗಿದ ಅವನ ಬಣ್ಣದ ಪ್ರತಿಮೆ ಇನ್ನೂ ಇದೆ. 1215ರ ಮ್ಯಾಗ್ನಾ ಕಾರ್ಟಾದ ಒಂದು ಮೂಲ ಪ್ರತಿಯೂ ಅಲ್ಲೇ ಇದೆ. ಚಿಪ್ಪನಂನಿಂದ ರೈಲಿನಲ್ಲಿ ಹೋಗುವುದಾದರೆ ದಾರಿಯಲ್ಲಿ ರೈಲು ಬದಲಿಸಬೇಕಾಗಬಹುದು, ಬಾತ್‌ನಿಂದಾದರೆ ನೇರ ರೈಲು ಇದೆ.